ನೆತ್ತಿ ದಾಟುವಾಗ ಟಕ್ಕೆನ್ನುವ ಡಿಶ್: ಗೇರಿನ ಸವೆತ, ಗ್ರೀಸು ಮತ್ತು ಹಲ್ಲಿನ ಸಂದು

ಬೆಂಗಳೂರಿನ ಒಂದು ತಾರಸಿಯ ಮೇಲೆ 1.2 ಮೀಟರ್ ಅಗಲದ, ಮೋಟಾರು ಕೂಡಿಸಿದ ಡಿಶ್ ಇದೆ ಎಂದಿಟ್ಟುಕೊಳ್ಳೋಣ. ಪೂರ್ವ ರೇಖಾಂಶ 74 ಡಿಗ್ರಿಯ ಉಪಗ್ರಹದಿಂದ 83 ಡಿಗ್ರಿಯ ಉಪಗ್ರಹಕ್ಕೆ ತಿರುಗು ಎಂದು ರಿಸೀವರಿನಿಂದ ಆಜ್ಞೆ ಹೋದಾಗ ಮೋಟಾರು ಗುಂಯ್‌ಗುಡುತ್ತ ಹೊರಡುತ್ತದೆ. ಡಿಶ್ ನೆತ್ತಿಯ ಗೆರೆಯನ್ನು, ಅಂದರೆ ತಲೆಯ ಮೇಲೆ ಉತ್ತರ ದಕ್ಷಿಣವಾಗಿ ಹಾಯುವ ಗೆರೆಯನ್ನು, ದಾಟುವ ಹೊತ್ತಿಗೆ ಗೇರಿನ ಪೆಟ್ಟಿಗೆಯೊಳಗೆ ಒಮ್ಮೆ ‘ಟಕ್’ ಎಂದು ಸದ್ದಾಗುತ್ತದೆ. ಆಮೇಲೆ ಮೋಟಾರು ತನ್ನ ಲೆಕ್ಕದ ಪ್ರಕಾರ ಸರಿಯಾದ ಜಾಗದಲ್ಲಿಯೇ ನಿಂತರೂ ಸಿಗ್ನಲ್ ಮಾತ್ರ ಕಡಿಮೆಯಾಗಿಯೇ ಉಳಿಯುತ್ತದೆ, ಗಾಳಿ ಬೀಸಿದಾಗ ಇನ್ನಷ್ಟು ಇಳಿಯುತ್ತದೆ. ಬಹಳ ಮಂದಿ ಇದಕ್ಕೆ ಕಂಬ ಓರೆಯಾಗಿದೆ ಎಂದೋ ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಹಾಳಾಗಿದೆ ಎಂದೋ ಕಾರಣ ಹೇಳಿ ತಿಂಗಳುಗಟ್ಟಲೆ ತಪ್ಪು ಜಾಗದಲ್ಲಿ ತಿರುಪು ತಿರುಗಿಸುತ್ತಾರೆ. ಆ ಸದ್ದಿನ ಮೂಲ ಗೇರಿನ ಎರಡು ಹಲ್ಲುಗಳ ನಡುವಿನ ಸಂದಿನಲ್ಲಿದೆ. ಇಂಗ್ಲಿಷಿನ ತಾಂತ್ರಿಕ ಭಾಷೆಯಲ್ಲಿ ಅದನ್ನು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ; ನಮ್ಮ ಗ್ಯಾರೇಜುಗಳಲ್ಲಿ ‘ಪ್ಲೇ ಜಾಸ್ತಿಯಾಗಿದೆ’ ಎನ್ನುವುದೂ ಇದನ್ನೇ.

ಮಿಲಿಮೀಟರಿನ ಸಂದೊಂದು ಇಷ್ಟು ದೊಡ್ಡ ಪರಿಣಾಮ ಮಾಡುವುದು ದೂರದ ದೆಸೆಯಿಂದ. ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿವೆ. ಅಷ್ಟು ದೂರದಲ್ಲಿ ಅರ್ಧ ಡಿಗ್ರಿ ಎಂದರೆ 300 ಕಿಲೋಮೀಟರಿಗೂ ಹೆಚ್ಚು. ಡಿಶ್ ಎಷ್ಟು ಅಗಲವೋ ಅದರ ನೋಟ ಅಷ್ಟು ಕಿರಿದು. ತರಂಗದ ಉದ್ದವನ್ನು ಡಿಶ್ಶಿನ ವ್ಯಾಸದಿಂದ ಭಾಗಿಸಿ 70ರಿಂದ ಗುಣಿಸಿದರೆ ಆ ನೋಟದ ಅಗಲ ಡಿಗ್ರಿಗಳಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. 12 ಗಿಗಾಹರ್ಟ್ಸಿನ ಕೆಯು ಬ್ಯಾಂಡಿನಲ್ಲಿ ತರಂಗದ ಉದ್ದ 2.5 ಸೆಂಟಿಮೀಟರ್, ಆದ್ದರಿಂದ 60 ಸೆಂಟಿಮೀಟರಿನ ಮನೆಯ ಡಿಶ್ಶಿಗೆ ಸುಮಾರು 2.9 ಡಿಗ್ರಿಯ ನೋಟವಿದ್ದರೆ 1.2 ಮೀಟರಿನದಕ್ಕೆ ಒಂದೂವರೆ ಡಿಗ್ರಿಗೂ ಒಂದಿಷ್ಟು ಕಡಿಮೆ. ಈ ಎರಡನೆಯ ಡಿಶ್ ಅರ್ಧ ಡಿಗ್ರಿ ಪಕ್ಕಕ್ಕೆ ಸರಿದರೆ ಸುಮಾರು 1.4 ಡೆಸಿಬೆಲ್ ನಷ್ಟವಾಗುತ್ತದೆ. ಬಿಸಿಲಿನ ದಿನ ಇದು ಗಮನಕ್ಕೂ ಬಾರದು, ಮೋಡ ಕವಿದ ಸಂಜೆ ಚಿತ್ರ ಚೌಕಚೌಕವಾಗಿ ಒಡೆಯಲು ಇಷ್ಟೇ ಸಾಕು. 4 ಗಿಗಾಹರ್ಟ್ಸಿನ ಸಿ ಬ್ಯಾಂಡ್ ನೋಡುವ 2.4 ಮೀಟರ್ ಡಿಶ್ಶಿಗೆ 2.2 ಡಿಗ್ರಿಯಷ್ಟು ನೋಟವಿರುವುದರಿಂದ ಅದು ಇದೇ ತಪ್ಪನ್ನು 0.6 ಡೆಸಿಬೆಲ್ ನಷ್ಟದಲ್ಲಿ ತಾಳಿಕೊಳ್ಳುತ್ತದೆ. ಹಳೆಯ ಸಿ ಬ್ಯಾಂಡ್ ಡಿಶ್ಶನ್ನು ಕೆಯು ಬ್ಯಾಂಡಿಗೆ ಬಳಸಲು ಹೊರಟವರಿಗೆ, ಅಲ್ಲಿಯವರೆಗೂ ಅಡಗಿದ್ದ ಗೇರಿನ ದೋಷ ಒಮ್ಮೆಲೇ ಎದುರಾಗುವುದು ಇದರಿಂದಲೇ.

ಇನ್ನು ಯಂತ್ರದ ಕಡೆಗೆ ಬರೋಣ. ಒಂದೇ ಮೋಟಾರಿನಿಂದ ಉಪಗ್ರಹಗಳ ಇಡೀ ಸಾಲನ್ನು ಹಿಂಬಾಲಿಸಬೇಕಾದರೆ, ಡಿಶ್ ಸುತ್ತುವ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ಇರಬೇಕು. ಈ ಬಗೆಯ ಪೀಠಕ್ಕೆ ಪೋಲಾರ್ ಮೌಂಟ್ ಎಂದು ಹೆಸರು. ಅಚ್ಚನ್ನು ತಿರುಗಿಸಲು ಎರಡು ವಿಧಾನಗಳು ರೂಢಿಯಲ್ಲಿವೆ. ಸಣ್ಣ ಡಿಶ್‌ಗಳಿಗೆ ಡಿಸೆಕ್ ಮೋಟಾರು ಬರುತ್ತದೆ. ಎಲ್‌ಎನ್‌ಬಿಗೆ ಹೋಗುವ ಕೇಬಲಿನಲ್ಲಿಯೇ ಅದಕ್ಕೆ 13 ಅಥವಾ 18 ವೋಲ್ಟ್ ವಿದ್ಯುತ್ತೂ ಆಜ್ಞೆಯೂ ಸಿಗುತ್ತವೆ. ದೊಡ್ಡ ಜಾಲರಿ ಡಿಶ್‌ಗಳಿಗೆ ಹೆಚ್ಚಾಗಿ 36 ವೋಲ್ಟಿನ ಆಕ್ಚುವೇಟರ್ ಎಂಬ, ಉದ್ದವಾಗಿ ಚಾಚಿ ಒಳಗೆ ಸೇದಿಕೊಳ್ಳುವ ತೋಳು ಇರುತ್ತದೆ. ಮೊದಲನೆಯದರ ಒಳಗೆ ಕೊನೆಯ ಹಂತದಲ್ಲಿ ಇರುವುದು ವರ್ಮ್ ಗೇರ್: ತಿರುಪಿನ ಆಕಾರದ ಉಕ್ಕಿನ ದಂಡ, ಅದು ನೂಕುವ ಹಲ್ಲುಚಕ್ರ. ದಂಡ ಒಂದು ಸುತ್ತು ಸುತ್ತಿದರೆ ಚಕ್ರ ಒಂದು ಹಲ್ಲಿನಷ್ಟು ಮಾತ್ರ ಮುಂದೆ ಸರಿಯುತ್ತದೆ. ತಿರುಪಿನ ಓರೆ ಸಾಕಷ್ಟು ಕಡಿಮೆಯಿದ್ದರೆ ಚಕ್ರವನ್ನು ಹಿಡಿದು ಎಷ್ಟು ತಿರುಗಿಸಿದರೂ ದಂಡ ತಿರುಗುವುದಿಲ್ಲ. ವಿದ್ಯುತ್ ಇಲ್ಲದಿದ್ದರೂ ಡಿಶ್ ಇದ್ದಲ್ಲಿಯೇ ನಿಲ್ಲುವುದು ಈ ಗುಣದಿಂದ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಇಲ್ಲಿ ಹಲ್ಲಿನ ಮೇಲೆ ಹಲ್ಲು ಉರುಳುವುದಿಲ್ಲ, ಉಜ್ಜುತ್ತ ಜಾರುತ್ತದೆ. ಮೋಟಾರು ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಉಜ್ಜಾಟಕ್ಕೇ ಹೋಗುತ್ತದೆ.

ಹಲ್ಲುಗಳ ನಡುವೆ ಸಂದು ಇರುವುದೇ ತಪ್ಪೆಂದು ತಿಳಿಯಬಾರದು. ಬಿಸಿಲಿಗೆ ಲೋಹ ಹಿಗ್ಗಲು, ಗ್ರೀಸಿನ ಪದರ ಕುಳಿತುಕೊಳ್ಳಲು, ಹಲ್ಲು ಕೊರೆಯುವಾಗ ಆಗುವ ಸಣ್ಣ ಹೆಚ್ಚುಕಡಿಮೆಯನ್ನು ನುಂಗಿಕೊಳ್ಳಲು ಒಂದಿಷ್ಟು ಜಾಗ ಬೇಕೇ ಬೇಕು. ಸಂದೇ ಇಲ್ಲದ ಗೇರು ಮಧ್ಯಾಹ್ನದ ಬಿಸಿಲಿಗೆ ಹಿಡಿದುಕೊಂಡು ನಿಲ್ಲುತ್ತದೆ. ಆದರೆ ಲೆಕ್ಕ ನೋಡಿ: 60 ಹಲ್ಲುಗಳ ಚಕ್ರದಲ್ಲಿ ಒಂದು ಹಲ್ಲಿನಿಂದ ಮುಂದಿನದಕ್ಕೆ 6 ಡಿಗ್ರಿ. ಆ ಅಂತರದಲ್ಲಿ ನೂರಕ್ಕೆ ಐದು ಪಾಲು ಸಂದು ಎಂದರೂ 0.3 ಡಿಗ್ರಿ ಆಯಿತು. ಹಲ್ಲು ಸವೆದು ಅದು ನೂರಕ್ಕೆ ಹತ್ತಾದರೆ ನಾವು ಮೇಲೆ ಲೆಕ್ಕ ಹಾಕಿದ ಅರ್ಧ ಡಿಗ್ರಿಯನ್ನೂ ದಾಟಿದಂತಾಯಿತು.

ಮೋಟಾರಿನ ಜೊತೆ ಬರುವ ಕೈಪಿಡಿಗಳಲ್ಲಿ ನಾನು ಕಾಣದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಂದು ಎಷ್ಟಿದೆ ಎಂಬುದು ಅರ್ಧ ಕಥೆ ಮಾತ್ರ. ಆ ಸಂದಿನೊಳಗೆ ಹಲ್ಲು ಯಾವ ಕಡೆಗೆ ಒರಗಿ ನಿಂತಿದೆ, ಯಾರು ಒರಗಿಸಿದ್ದಾರೆ ಎಂಬುದು ಉಳಿದರ್ಧ. ಮೋಟಾರಿನೊಳಗಿನ ಎಣಿಕೆಯ ಸಂವೇದಕ ಸಾಮಾನ್ಯವಾಗಿ ಮೋಟಾರಿನ ಬದಿಯಲ್ಲಿ ಕುಳಿತಿರುತ್ತದೆ, ಡಿಶ್ಶಿನ ಬದಿಯಲ್ಲಿ ಅಲ್ಲ. ಹಾಗಾಗಿ ದಂಡ ಎಷ್ಟು ಸುತ್ತು ಸುತ್ತಿತು ಎಂಬುದು ಅದಕ್ಕೆ ಗೊತ್ತೇ ಹೊರತು, ಡಿಶ್ ಸಂದಿನ ಈ ತುದಿಯಲ್ಲಿದೆಯೋ ಆ ತುದಿಯಲ್ಲಿದೆಯೋ ಗೊತ್ತಿಲ್ಲ. ಅದನ್ನು ತೀರ್ಮಾನಿಸುವುದು ಡಿಶ್ಶಿನ ಭಾರ ಮತ್ತು ಗಾಳಿ.

ಪೋಲಾರ್ ಮೌಂಟಿನ ಅಚ್ಚು ನೆಲದಿಂದ ಎಷ್ಟು ಮೇಲಕ್ಕೆ ವಾಲಿರಬೇಕು ಎಂಬುದನ್ನು ಊರಿನ ಅಕ್ಷಾಂಶ ನಿರ್ಧರಿಸುತ್ತದೆ. ಲಂಡನ್ನಿನಲ್ಲಿ ಅದು 51 ಡಿಗ್ರಿಗೂ ಹೆಚ್ಚು. ಬೆಂಗಳೂರಿನಲ್ಲಿ ಬರೀ 13. ಅಂದರೆ ನಮ್ಮಲ್ಲಿ ಅಚ್ಚು ಹೆಚ್ಚುಕಡಿಮೆ ನೆಲಕ್ಕೆ ಮಲಗಿರುತ್ತದೆ, ಡಿಶ್ ಅದರ ಮೇಲೆ ಆಕಾಶ ನೋಡುತ್ತ ಕೂತಿರುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿದಾಗ ಡಿಶ್ಶಿನ ತೂಕ ಅಚ್ಚನ್ನು ತಿರುಚುವ ಬಲ ಅಕ್ಷಾಂಶದ ಕೊಸೈನಿಗೆ ಅನುಗುಣವಾಗಿರುವುದರಿಂದ, ಅದೇ ಡಿಶ್ ಅದೇ ಕೋನಕ್ಕೆ ವಾಲಿದರೂ ಲಂಡನ್ನಿಗಿಂತ ಬೆಂಗಳೂರಿನಲ್ಲಿ ಗೇರಿನ ಮೇಲೆ ಒಂದೂವರೆ ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ. ಯುರೋಪಿನ ಛಾವಣಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಮೋಟಾರಿನ ಪೆಟ್ಟಿಗೆಯ ಮೇಲೆ ‘ಇಷ್ಟು ಅಗಲದ ಡಿಶ್ಶಿಗೆ ಸಾಕು’ ಎಂದು ಬರೆದಿದ್ದರೆ, ಅದನ್ನು ನಮ್ಮ ಊರಿಗೆ ಒಂದು ಅಳತೆ ಇಳಿಸಿ ಓದಿಕೊಳ್ಳುವುದು ಕ್ಷೇಮ.

ಭಾರದ ದಿಕ್ಕಿನ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಬೆಂಗಳೂರಿನ ರೇಖಾಂಶ 77.6 ಡಿಗ್ರಿ. ಇಲ್ಲಿಂದ 105.5 ಡಿಗ್ರಿಯ ಉಪಗ್ರಹವನ್ನು ನೋಡಲು ಮೋಟಾರು ನೆತ್ತಿಯಿಂದ ಪೂರ್ವಕ್ಕೆ 32 ಡಿಗ್ರಿಯಷ್ಟು ತಿರುಗಬೇಕು. ಅಲ್ಲಿ ಡಿಶ್ಶಿನ ತೂಕ ಹಲ್ಲನ್ನು ಪೂರ್ವದ ಬದಿಗೆ ಬಲವಾಗಿ ಅದುಮಿ ಹಿಡಿದಿರುತ್ತದೆ; ಸಂದು ಇದ್ದರೂ ಇಲ್ಲದಂತೆಯೇ. ಆದರೆ 83 ಡಿಗ್ರಿಗೆ ತಿರುಗಬೇಕಾದದ್ದು ಪೂರ್ವಕ್ಕೆ 6 ಡಿಗ್ರಿಯ ಆಸುಪಾಸು, 74ಕ್ಕೆ ಪಶ್ಚಿಮಕ್ಕೆ 4ರ ಆಸುಪಾಸು. ಇಷ್ಟು ಕಡಿಮೆ ವಾಲಿದ ಡಿಶ್ಶಿನ ತೂಕ ಅಚ್ಚನ್ನು ತಿರುಚುವ ಬಲ, 105.5ರಲ್ಲಿ ಇದ್ದುದರ ಐದನೆಯ ಒಂದು ಭಾಗ ಅಥವಾ ಅದಕ್ಕಿಂತಲೂ ಕಡಿಮೆ. ಬುಶ್ಶಿನ ಬಿಗಿತವೋ ಕೇಬಲಿನ ಎಳೆತವೋ ಅದನ್ನು ಸುಲಭವಾಗಿ ತಡೆದು ನಿಲ್ಲಿಸಬಲ್ಲದು, ಒಂದು ಸಣ್ಣ ಗಾಳಿ ಹಲ್ಲನ್ನು ಎದುರು ಬದಿಗೆ ತಳ್ಳಬಲ್ಲದು. ಕೋಲಿನ ತುದಿಯಲ್ಲಿ ತಟ್ಟೆ ನಿಲ್ಲಿಸಿದ ಹಾಗೆ ಡಿಶ್ ಅಲ್ಲಿ ಎರಡೂ ಕಡೆಗೆ ಬೀಳಲು ಸಿದ್ಧವಾಗಿರುತ್ತದೆ. ನಮ್ಮ ಇನ್ಸಾಟ್ ಮತ್ತು ಜಿಸ್ಯಾಟ್ ಉಪಗ್ರಹಗಳಿಗೆ ಸಿಕ್ಕ 74, 83 ಡಿಗ್ರಿಯ ಸ್ಥಾನಗಳು ನಮ್ಮ ನೆತ್ತಿಯ ಎರಡೂ ಪಕ್ಕದಲ್ಲಿಯೇ ಇರುವುದರಿಂದ, ಸವೆದ ಗೇರಿನ ಕಾಟ ನಮಗೆ ತಟ್ಟುವುದು ದೂರದ ಉಪಗ್ರಹದಲ್ಲಿ ಅಲ್ಲ, ನೆತ್ತಿಯ ಮೇಲಿನದರಲ್ಲಿ. ಮೊದಲು ಹೇಳಿದ ‘ಟಕ್’ ಸದ್ದೂ ಅಲ್ಲಿಯದೇ: ನೆತ್ತಿಯವರೆಗೆ ಮೋಟಾರು ಡಿಶ್ಶನ್ನು ಮೇಲಕ್ಕೆ ನೂಕುತ್ತಿತ್ತು, ನೆತ್ತಿ ದಾಟಿದೊಡನೆ ಡಿಶ್ ತಾನೇ ಮುಂದಕ್ಕೆ ಬಿದ್ದು ಸಂದನ್ನು ಒಮ್ಮೆಲೇ ಹಾರಿ ಎದುರಿನ ಹಲ್ಲಿಗೆ ಬಡಿಯಿತು.

ಯುಸಾಲ್ಸ್ ಬಳಸುವವರಿಗೆ ಇದರಿಂದ ಮತ್ತೊಂದು ತೊಡಕಿದೆ. ಈ ವಿಧಾನದಲ್ಲಿ ರಿಸೀವರು ಊರಿನ ಅಕ್ಷಾಂಶ ರೇಖಾಂಶಗಳಿಂದ ಪ್ರತಿ ಉಪಗ್ರಹದ ಕೋನವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಗೇರಿನಲ್ಲಿ ಸಂದು ಇದೆ ಎಂಬುದು ಆ ಲೆಕ್ಕದಲ್ಲಿ ಇಲ್ಲ. ಪೂರ್ವದ ಒಂದು ಉಪಗ್ರಹವನ್ನು ನೋಡಿಕೊಂಡು ಡಿಶ್ಶನ್ನು ಬಿಗಿ ಮಾಡಿದರೆ ಪೂರ್ವದವೆಲ್ಲ ಸರಿಯಾಗಿ ಬರುತ್ತವೆ, ಪಶ್ಚಿಮದವೆಲ್ಲ ಸಂದಿನಷ್ಟೇ, ಒಂದೇ ಅಳತೆಯಲ್ಲಿ ತಪ್ಪುತ್ತವೆ. ಕಂಬ ಓರೆಯಾದಾಗಿನ ತಪ್ಪು ಹೀಗಿರುವುದಿಲ್ಲ. ಅದು ಉಪಗ್ರಹದಿಂದ ಉಪಗ್ರಹಕ್ಕೆ ಕ್ರಮೇಣ ಬದಲಾಗುತ್ತ ಹೋಗುತ್ತದೆ. ಕಂಬಕ್ಕೆ ಕೈ ಹಾಕುವ ಮುಂಚೆ ಈ ವ್ಯತ್ಯಾಸವನ್ನು ಒಂದು ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು.

ಹಲ್ಲು ಸವೆಯುವುದು ಎಲ್ಲ ಕಡೆ ಸಮನಾಗಿ ಅಲ್ಲ. ಹತ್ತು ವರ್ಷ ದುಡಿದ ಮೋಟಾರೊಂದನ್ನು ಬಿಚ್ಚಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಉಕ್ಕಿನ ದಂಡ ಹೊಳೆಯುತ್ತಿರುತ್ತದೆ, ಆದರೆ ಅಷ್ಟಾಗಿ ಕರಗಿರುವುದಿಲ್ಲ. ಮೆತ್ತಗಿನ ಕಂಚಿನ ಅಥವಾ ನೈಲಾನಿನ ಚಕ್ರವೇ ಸವೆಯುವುದು. ಆ ಚಕ್ರದಲ್ಲಿಯೂ ನಾಲ್ಕಾರು ಹಲ್ಲುಗಳ ಪಕ್ಕೆ ಮಾತ್ರ ಚಮಚದಿಂದ ಕೆರೆದಂತೆ ಒಳಕ್ಕೆ ಬಾಗಿ ಕನ್ನಡಿಯಂತಾಗಿರುತ್ತದೆ. ಅತ್ತ ಕಡೆಯ ಹಲ್ಲುಗಳ ಮೇಲೆ ಕಾರ್ಖಾನೆಯಲ್ಲಿ ಕೊರೆದ ಗೆರೆಗಳು ಹಾಗೇ ಉಳಿದಿರುತ್ತವೆ. ಡಿಶ್ ಎಂದೂ ಪೂರ್ತಿ ಸುತ್ತುವುದಿಲ್ಲ, ಮನೆಯವರು ನೋಡುವ ಮೂರು ನಾಲ್ಕು ಉಪಗ್ರಹಗಳ ನಡುವೆಯಷ್ಟೇ ಓಡಾಡುತ್ತದೆ. ಇನ್ನೊಂದು ಬಗೆಯ ಸವೆತವಿದೆ, ಅದು ಡಿಶ್ ನಿಂತಿದ್ದಾಗ ಆಗುವಂಥದು. 1.2 ಮೀಟರ್ ಡಿಶ್ಶಿನ ಮೇಲೆ ಗಂಟೆಗೆ 70 ಕಿಲೋಮೀಟರ್ ವೇಗದ ಗಾಳಿ ಎದುರಿನಿಂದ ಬೀಸಿದರೆ ಸುಮಾರು 30 ಕಿಲೋ ತೂಕ ಹೇರಿದಷ್ಟು ಒತ್ತಡ ಬೀಳುತ್ತದೆ. ಮಂದವಾದ ಗಾಳಿಯೂ ಡಿಶ್ಶನ್ನು ಸದಾ ಕೂದಲೆಳೆಯಷ್ಟು ಅಲುಗಿಸುತ್ತಲೇ ಇರುತ್ತದೆ. ಒಂದೇ ಜಾಗದಲ್ಲಿ ಲಕ್ಷಾಂತರ ಬಾರಿ ನಡೆಯುವ ಈ ಅಲುಗಾಟದಲ್ಲಿ ಹಲ್ಲುಗಳ ನಡುವಿನ ಗ್ರೀಸು ಪಕ್ಕಕ್ಕೆ ಹಿಂಡಿಹೋಗುತ್ತದೆ. ಗೇರು ತಿರುಗದೆ ಅದು ಮರಳಿ ಬರುವುದಿಲ್ಲ. ಬರಿಯ ಲೋಹ ಲೋಹಕ್ಕೆ ತಾಗಿ ಸಣ್ಣ ಪುಡಿ ಉದುರುತ್ತದೆ. ಉಕ್ಕಿನ ಅಚ್ಚು, ಬೇರಿಂಗುಗಳಲ್ಲಿ ಈ ಪುಡಿ ಇಟ್ಟಿಗೆಯ ಬಣ್ಣಕ್ಕಿರುತ್ತದೆ, ಗ್ರೀಸಿನ ಜೊತೆ ಕಲೆತು ಸಾಣೆ ಹಿಡಿಯುವ ಮಸಾಲೆಯಂತೆ ಮತ್ತಷ್ಟು ಉಜ್ಜುತ್ತದೆ. ತಿಂಗಳುಗಟ್ಟಲೆ ಒಂದೇ ಉಪಗ್ರಹ ನೋಡುವವರೂ ವಾರಕ್ಕೊಮ್ಮೆ ಡಿಶ್ಶನ್ನು ಈ ತುದಿಯಿಂದ ಆ ತುದಿಗೆ ಓಡಿಸುವುದು ಇದಕ್ಕೆ ಖರ್ಚಿಲ್ಲದ ಉಪಾಯ.

ಎತ್ತಿನ ಗಾಡಿಯ ಕಾಲದವರಿಗೆ ಕೀಲೆಣ್ಣೆಯ ಮಹತ್ವವನ್ನು ಹೇಳಿಕೊಡಬೇಕಾಗಿರಲಿಲ್ಲ. ಆದರೆ ಗಾಡಿಯ ಕೀಲಿಗೆ ಹೊಂದುವುದೆಲ್ಲ ಇಲ್ಲಿ ಹೊಂದುವುದಿಲ್ಲ. ವೇಗವಾಗಿ ತಿರುಗುವ ಯಂತ್ರಗಳಲ್ಲಿ ಎಣ್ಣೆ ತಾನಾಗಿ ಪದರ ಕಟ್ಟಿ ಎರಡು ಲೋಹಗಳನ್ನು ಬೇರೆ ಮಾಡುತ್ತದೆ; ದಿನಕ್ಕೆ ಅರ್ಧ ನಿಮಿಷ ತೆವಳುವ ಡಿಶ್ ಗೇರಿನಲ್ಲಿ ಆ ಪದರ ಕಟ್ಟುವುದೇ ಇಲ್ಲ. ಇಲ್ಲಿ ಕಾಪಾಡುವುದು ಲೋಹಕ್ಕೆ ಅಂಟಿಕೊಂಡು ನಿಲ್ಲುವ ಗುಣ ಮತ್ತು ಗ್ರೀಸಿಗೆ ಬೆರೆಸಿದ ಪೂರಕಗಳು. ಗ್ರೀಸೆಂದರೆ ಸೋಪಿನಂಥ ಗಟ್ಟಿಕಾರಕವೊಂದರ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ಅದರ ಗಟ್ಟಿತನಕ್ಕೆ ಎನ್‌ಎಲ್‌ಜಿಐ ಎಂಬ ಶ್ರೇಣಿಯಿದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 2ನೆಯ ಶ್ರೇಣಿ, ಬೆಣ್ಣೆಯಷ್ಟು ಗಟ್ಟಿ. ತೆರೆದ ಬುಶ್, ಬೋಲ್ಟು, ಆಕ್ಚುವೇಟರಿನ ತಿರುಪಿಗೆ ಇದು ಸರಿ. ಮುಚ್ಚಿದ ಪೆಟ್ಟಿಗೆಯೊಳಗೆ, ಹಲ್ಲು ದೂಡಿದ ಗ್ರೀಸು ಮತ್ತೆ ಹರಿದು ಬರಲೆಂದು 0 ಅಥವಾ 00 ಶ್ರೇಣಿಯ ತೆಳು ಗ್ರೀಸನ್ನು ತುಂಬುವುದೂ ಉಂಟು. ಡಿಸೆಕ್ ಮೋಟಾರಿಗೆ ರಿಸೀವರಿನಿಂದ ಸಿಗುವ ವಿದ್ಯುತ್ತು ಬಹಳ ಕಡಿಮೆ. ಅದಕ್ಕೆ ತೀರಾ ಗಟ್ಟಿಯಾದ ಗ್ರೀಸನ್ನು ಗಿಡಿದು ತುಂಬಿದರೆ ಚಳಿಗಾಲದ ಬೆಳಗ್ಗೆ ಮೋಟಾರು ಮುಕ್ಕರಿಯುತ್ತದೆಯೇ ಹೊರತು ಹೊರಡುವುದಿಲ್ಲ.

ಕಂಚಿನ ಚಕ್ರವಿದ್ದರೆ ಲಾರಿಯ ಗೇರಿಗೆ ಹಾಕುವ, ಗಂಧಕದ ಪೂರಕವಿರುವ ಎಣ್ಣೆಯನ್ನು ತಪ್ಪಿಸುವುದು ಮೇಲು. ಕೆಲವು ಗಂಧಕದ ಸಂಯುಕ್ತಗಳು ಬಿಸಿಯಲ್ಲಿ ತಾಮ್ರದ ಮಿಶ್ರಲೋಹವನ್ನು ತಿನ್ನುತ್ತವೆ. ಪ್ಲಾಸ್ಟಿಕ್ ಚಕ್ರವಿದ್ದರೆ ಪ್ಲಾಸ್ಟಿಕ್ಕಿಗೆ ಹೊಂದುವುದೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿರುವ ಕೃತಕ ಎಣ್ಣೆಯ ಗ್ರೀಸೇ ಬೇಕು. ಹಳೆಯದರ ಮೇಲೆಯೇ ಹೊಸದನ್ನು ಮೆತ್ತುವುದು ಎಲ್ಲರೂ ಮಾಡುವ ತಪ್ಪು. ಗಟ್ಟಿಕಾರಕಗಳು ಒಂದಕ್ಕೊಂದು ಹೊಂದದಿದ್ದರೆ ಎರಡೂ ಸೇರಿ ನೀರಾಗಿ ಇಳಿದುಹೋಗಬಹುದು. ಅಲ್ಲದೆ ಹಳೆಯ ಗ್ರೀಸಿನಲ್ಲಿ ಇರುವ ಲೋಹದ ಪುಡಿ ಒಳಗೇ ಉಳಿಯುತ್ತದೆ. ಸೀಮೆ ಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಹೊಳೆಯದೆ ಇದ್ದರೆ ಮಾತ್ರ ಹೊಸದನ್ನು ಹಾಕಬೇಕು. ಪ್ಲಾಸ್ಟಿಕ್ ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದರೆ ಸಾಕು. ತುಕ್ಕು ಬಿಡಿಸಲು ಬಳಸುವ ಸ್ಪ್ರೇಯನ್ನು ಗೇರಿನೊಳಗೆ ಸಿಂಪಡಿಸಿದರೆ ಇದ್ದ ಗ್ರೀಸೂ ಕೊಚ್ಚಿಹೋಗುತ್ತದೆ. ಇನ್ನು ಮನೆಯಲ್ಲಿ ಕೈಗೆ ಸಿಗುತ್ತದೆಂದು ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರೆ. 24 ಡಿಗ್ರಿ ಸೆಲ್ಸಿಯಸ್‌ಗೆ ಅದು ಹೆಪ್ಪುಗಟ್ಟುತ್ತದೆ ಎಂಬುದನ್ನು ಧನುರ್ಮಾಸದಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುವ ಯಾರೂ ಬಲ್ಲರು.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಗ್ರೀಸಿನ ಗುಣಕ್ಕಿಂತಲೂ ನೀರು ಒಳಗೆ ಹೋಗದಂತೆ ತಡೆಯುವುದೇ ದೊಡ್ಡ ಕೆಲಸ. ಆಕ್ಚುವೇಟರಿನ ಕೊಳವೆಗೆ ನೀರು ಇಳಿಯುವ ಸಣ್ಣ ತೂತು ಇರುತ್ತದೆ. ಅದು ಕೆಳಮುಖವಾಗಿ ಇರಬೇಕು. ನೀರು ಬರಬಾರದೆಂದು ಅದಕ್ಕೆ ಎಂಸೀಲ್ ಮೆತ್ತಿದರೆ ಒಳಗೆ ಬೆವರಿದ ನೀರಿಗೆ ಹೊರಬರುವ ದಾರಿಯೇ ಇಲ್ಲದಂತಾಗುತ್ತದೆ. ಚಾಚುವ ದಂಡದ ಮೇಲಿನ ರಬ್ಬರು ತೋಳು ಬಿಸಿಲಿಗೆ ಬಿರುಕು ಬಿಟ್ಟಿದೆಯೇ ಎಂದು ಮುಂಗಾರಿಗೆ ಮುಂಚೆ ಒಮ್ಮೆ ನೋಡಿದರೆ ಒಳಗಿನ ತಿರುಪಿಗೆ ಬಹಳ ಆಯುಸ್ಸು ಸಿಗುತ್ತದೆ.

ಆಕ್ಚುವೇಟರು ಇರುವ ಡಿಶ್ಶಿನಲ್ಲಿ ಗೇರಿಗಿಂತ ಮೊದಲು ಸಂಶಯ ಪಡಬೇಕಾದದ್ದು ಎರಡು ತುದಿಯ ಬೋಲ್ಟುಗಳನ್ನು. ತೋಳು ತಾಗುವ ಜಾಗ ಅಚ್ಚಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ, ಅಲ್ಲಿ ಬೋಲ್ಟಿನ ತೂತು ಒಂದು ಮಿಲಿಮೀಟರ್ ಮೊಟ್ಟೆಯಾಕಾರಕ್ಕೆ ಹಿಗ್ಗಿದರೂ 0.2 ಡಿಗ್ರಿಯಷ್ಟು ಅಲುಗಾಟ ಸಿಕ್ಕಿತು. ಎರಡೂ ತುದಿಯಲ್ಲಿ ಹೀಗಾಗಿದ್ದರೆ ಹಲ್ಲು ಹೊಸದಿದ್ದೂ ಪ್ರಯೋಜನವಿಲ್ಲ. ಹತ್ತು ರೂಪಾಯಿಯ ಬುಶ್ಶಿನಿಂದ ಆಗುವ ಕೆಲಸಕ್ಕೆ ಇಡೀ ಆಕ್ಚುವೇಟರನ್ನೇ ಬದಲಾಯಿಸಿದ ಉದಾಹರಣೆಗಳನ್ನು ನೋಡಿದ್ದೇನೆ. ಎಣಿಕೆ ತಪ್ಪುವುದು ಮತ್ತೊಂದು ರೋಗ. ತೋಳಿನೊಳಗೆ ಆಯಸ್ಕಾಂತವೊಂದು ಸುತ್ತುತ್ತ ರೀಡ್ ಸ್ವಿಚ್ಚನ್ನು ತೆರೆದು ಮುಚ್ಚುವುದರಿಂದ ಎಣಿಕೆ ನಡೆಯುತ್ತದೆ. ತುಕ್ಕು ಹಿಡಿದ ತಂತಿಯೋ ದಣಿದ ಸ್ವಿಚ್ಚೋ ಒಂದೆರಡು ಎಣಿಕೆ ನುಂಗಿದರೆ ಡಿಶ್ ಜಾಗ ತಪ್ಪುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ. ಸಂದಿನಿಂದ ಆದ ತಪ್ಪು ಪೂರ್ವದಿಂದ ಬಂದಾಗ ಒಂದು, ಪಶ್ಚಿಮದಿಂದ ಬಂದಾಗ ಇನ್ನೊಂದು, ಆದರೆ ನೂರು ಸಲ ಓಡಿಸಿದರೂ ಅಷ್ಟೇ ಇರುತ್ತದೆ. ಎಣಿಕೆ ನುಂಗಿದ ತಪ್ಪು ಓಡಿಸಿದಷ್ಟೂ ಬೆಳೆಯುತ್ತ ಹೋಗುತ್ತದೆ.

ಅಳೆಯಲು ಉಪಕರಣವೇನೂ ಬೇಡ. ಡಿಶ್ಶನ್ನು ನೆತ್ತಿಯ ಹತ್ತಿರಕ್ಕೆ ತಂದು, ಪೂರ್ವದ ಅಂಚಿಗೆ ತಾಗಿದ ಹಾಗೆ ಒಂದು ಕೋಲು ನೆಟ್ಟು, ಅದರ ಮೇಲೆ ಸ್ಕೇಲು ಕಟ್ಟಿ, ಅಂಚನ್ನು ಎರಡು ಬೆರಳಿನಿಂದ ಮೆಲ್ಲಗೆ ಮೇಲೆ ಕೆಳಗೆ ಆಡಿಸಬೇಕು. ಜೋರಾಗಿ ಎಳೆದರೆ ಲೋಹದ ಬಾಗುವಿಕೆಯೂ ಸೇರಿಕೊಂಡು ಅಳತೆ ಸುಳ್ಳಾಗುತ್ತದೆ. ಬೆರಳಿಗೆ ಮೊದಲ ತಡೆ ಸಿಕ್ಕಿದಲ್ಲಿಗೆ ನಿಲ್ಲಿಸಬೇಕು. 1.2 ಮೀಟರ್ ಡಿಶ್ಶಿನ ಅಂಚಿನಲ್ಲಿ ಒಂದು ಸೆಂಟಿಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಡಿಗ್ರಿ, 2.4 ಮೀಟರಿನದರಲ್ಲಿ ಎರಡು ಸೆಂಟಿಮೀಟರಿಗೆ ಒಂದು ಡಿಗ್ರಿ. ನನ್ನ ಅಭಿಪ್ರಾಯದಲ್ಲಿ ನೋಟದ ಅಗಲದ ಹತ್ತನೆಯ ಒಂದು ಭಾಗದೊಳಗೆ ಇರುವ ಸಂದನ್ನು ಮುಟ್ಟದೆ ಬಿಡುವುದೇ ಒಳ್ಳೆಯದು.

ಅದಕ್ಕಿಂತ ಹೆಚ್ಚಿದ್ದು, ದಂಡವನ್ನು ಚಕ್ರದ ಹತ್ತಿರಕ್ಕೆ ಸರಿಸುವ ತಿರುಪು ಇದ್ದರೆ ಅದನ್ನು ಬಿಗಿಸಬಹುದು. ಬಿಗಿಸುವುದು ಎಲ್ಲಿ ಎಂಬುದು ಮುಖ್ಯ. ಸವೆದ ಹಲ್ಲುಗಳ ಮೇಲೆ ದಂಡ ಇರುವಾಗ ಸಂದು ತೀರಾ ಹೋಗುವಷ್ಟು ಬಿಗಿಸಿದರೆ, ಡಿಶ್ ಪಕ್ಕಕ್ಕೆ ತಿರುಗಿ ಸವೆಯದ ಹಲ್ಲುಗಳ ಮೇಲೆ ಬಂದಾಗ ಗೇರು ಕಚ್ಚಿಕೊಂಡು ನಿಲ್ಲುತ್ತದೆ, ಮೋಟಾರಿನ ಸುರುಳಿಯೂ ಸುಟ್ಟೀತು. ಆದ್ದರಿಂದ ಕಡಿಮೆ ಸವೆದ ಜಾಗಕ್ಕೆ ಡಿಶ್ಶನ್ನು ಒಯ್ದು ಅಲ್ಲಿ ಸರಾಗವಾಗಿ ತಿರುಗುವಷ್ಟು ಬಿಟ್ಟು ಬಿಗಿಸಬೇಕು. ನೆತ್ತಿಯ ಬಳಿ ಉಳಿದ ಸಂದಿಗೆ ಬೇರೆ ದಾರಿ ಹುಡುಕಬೇಕು. ಪೂರ್ತಿ ವೃತ್ತಾಕಾರದ ಚಕ್ರವಿದ್ದು, ಅಚ್ಚಿಗೆ ಅದನ್ನು ಹಿಡಿಸಿದ ರೀತಿ ಅನುಕೂಲವಾಗಿದ್ದರೆ ಚಕ್ರವನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂಡಿಸುವುದು ಆ ದಾರಿಗಳಲ್ಲಿ ಒಂದು. ಇಷ್ಟು ವರ್ಷ ಸುಮ್ಮನೆ ಕೂತಿದ್ದ ಹಲ್ಲುಗಳು ಕೆಲಸಕ್ಕೆ ಬರುತ್ತವೆ, ಹೊಸ ಗೇರಿನ ಖರ್ಚು ಉಳಿಯುತ್ತದೆ. ಡಿಶ್ಶನ್ನು ಪ್ರತಿ ಉಪಗ್ರಹಕ್ಕೂ ಒಂದೇ ದಿಕ್ಕಿನಿಂದ ತಂದು ನಿಲ್ಲಿಸುವುದು ಎರಡನೆಯದು: ಪಶ್ಚಿಮಕ್ಕೆ ಹೋಗುವಾಗ ಎರಡು ಡಿಗ್ರಿ ಮುಂದೆ ಹೋಗಿ ಮರಳಿ ಬರುವಂತೆ ಮಾಡಿದರೆ ಹಲ್ಲು ಯಾವಾಗಲೂ ಒಂದೇ ಬದಿಗೆ ಒರಗುತ್ತದೆ. ಗಾಳಿಗೆ ಮಾತ್ರ ಇದು ಉತ್ತರವಲ್ಲ. ಗಾಳಿಗೂ ಅಲ್ಲಾಡಬಾರದೆಂದರೆ ಡಿಶ್ಶಿನ ಬೆನ್ನಿಗೆ ಒಂದು ಉದ್ದನೆಯ ಸ್ಪ್ರಿಂಗು ಕಟ್ಟಿ ಸದಾ ಪೂರ್ವಕ್ಕೆ ಎಳೆಯುವಂತೆ ಮಾಡಬೇಕು. ಮೋಟಾರಿಗೆ ಒಂದಿಷ್ಟು ಭಾರ ಹೆಚ್ಚಾದರೂ ಹಲ್ಲು ಸಂದಿನ ನಡುವೆ ತೇಲುವುದು ನಿಲ್ಲುತ್ತದೆ. ಹಿಂಬದಿಗೆ ತೂಕ ಕಟ್ಟಿ ಡಿಶ್ಶನ್ನು ಪೂರ್ತಿ ಸಮತೂಕಕ್ಕೆ ತರುವ ಹಂಬಲ ಕೆಲವರಿಗಿದೆ. ಅದು ಮೋಟಾರಿಗೆ ಹಿತವೇ, ಆದರೆ ನೆತ್ತಿಯಲ್ಲಿ ಇದ್ದ ತೊಂದರೆಯನ್ನು ಅದು ಎಲ್ಲ ಉಪಗ್ರಹಗಳಿಗೂ ಹಂಚಿಬಿಡುತ್ತದೆ.

ದೊಡ್ಡ ಆಂಟೆನಾಗಳಲ್ಲಿಯೂ ಸ್ಪ್ರಿಂಗಿನ ಈ ಯುಕ್ತಿಯೇ ಬೇರೆ ರೂಪದಲ್ಲಿ ಬಳಕೆಯಾಗುತ್ತದೆ. ಚಂದ್ರಯಾನ-1ಕ್ಕಾಗಿ 2008ರ ವೇಳೆಗೆ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೋ ಕಟ್ಟಿದ 32 ಮೀಟರಿನ ಆಂಟೆನಾದಂಥ ಗಾತ್ರಕ್ಕೆ, 8.4 ಗಿಗಾಹರ್ಟ್ಸಿನ ಎಕ್ಸ್ ಬ್ಯಾಂಡಿನಲ್ಲಿ ನೋಟದ ಅಗಲ ಮೇಲಿನ ಸೂತ್ರದ ಪ್ರಕಾರ 0.08 ಡಿಗ್ರಿಯಷ್ಟೇ. ಅಲ್ಲಿ ಅರ್ಧ ಡಿಗ್ರಿಯ ಸಂದು ಎಂದರೆ ನೋಡಬೇಕಾದ ನೌಕೆ ನೋಟದಿಂದಲೇ ಆಚೆ ಹೋದಂತೆ. ಹೀಗಾಗಿ ದೊಡ್ಡ ಆಂಟೆನಾಗಳ ಒಂದೇ ಅಚ್ಚಿಗೆ ಎರಡು ಮೋಟಾರುಗಳನ್ನು ಜೋಡಿಸಿ, ಒಂದು ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಸ್ವಲ್ಪ ಸ್ವಲ್ಪ ತಳ್ಳುತ್ತಿರುವಂತೆ ಮಾಡುವುದು ರೂಢಿ. ಒಂದರ ಗೇರು ಸಂದಿನ ಈ ಬದಿಯನ್ನು ಒತ್ತಿ ಹಿಡಿದರೆ ಇನ್ನೊಂದರದು ಆ ಬದಿಯನ್ನು ಒತ್ತುತ್ತದೆ. ಆಂಟೆನಾ ತಿರುಗಬೇಕಾದಾಗ ಒಂದರ ಬಲವನ್ನು ಹೆಚ್ಚಿಸಿ ಇನ್ನೊಂದರದನ್ನು ತಗ್ಗಿಸುತ್ತಾರೆ, ನಿಂತಾಗ ಮತ್ತೆ ಎರಡೂ ಎದುರುಬದುರಾಗುತ್ತವೆ. ಎಣಿಕೆಯ ಸಂವೇದಕವನ್ನೂ ಅಲ್ಲಿ ಮೋಟಾರಿನ ಬದಿಗಿಡದೆ ನೇರವಾಗಿ ಆಂಟೆನಾದ ಅಚ್ಚಿಗೇ ಕೂಡಿಸುತ್ತಾರೆ.